ಯೋಸೇಫನ ಎಲುಬುಗಳೂ ನಾಗಾ ಪೂರ್ವಿಕರೂ

ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿ ನಾಗಾ ಬೆಟ್ಟಗಳಿಂದ ಒಯ್ದ ಮಾನವ ತಲೆಬುರುಡೆಗಳಿವೆ. ಹಟನ್, ಮಿಲ್ಸ್ ಮೊದಲಾದ ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಸಾವಿರಾರು ವಸ್ತುಗಳೊಡನೆ ಇಂತಹ ಅವಶೇಷಗಳೂ ಅಲ್ಲಿಗೆ ಸೇರಿದವು. 2020ರಲ್ಲಿ ಸಂಗ್ರಹಾಲಯವು ಇವುಗಳನ್ನು ಪ್ರದರ್ಶನದಿಂದ ತೆಗೆಯಿತು. ಅಂದಿನಿಂದ ಅವುಗಳ ಮರಳಿಕೆಯ ಮಾತುಕತೆಗೆ ಮುಂದಾಗಿರುವುದು ನಾಗಾ ಸಮಾಧಾನ ವೇದಿಕೆ. ಪರಸ್ಪರ ಹೋರಾಡುತ್ತಿದ್ದ ನಾಗಾ ಗುಂಪುಗಳನ್ನು ಒಂದುಗೂಡಿಸಲು 2008ರಲ್ಲಿ ಸಭಾನಾಯಕರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆ. ಆದುದರಿಂದ ಇದನ್ನು ಪುರಾತತ್ವಜ್ಞರ ವಿಷಯವೆಂದು ನಾವು ಬದಿಗಿಡಲಾಗದು.

ಮೃತರ ಅವಶೇಷಗಳನ್ನು ಮರಳಿ ಪಡೆಯುವ ಹಕ್ಕನ್ನು ಮೂಲನಿವಾಸಿಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಯ 12ನೆಯ ವಿಧಿ ಒಪ್ಪಿದೆ. ಆದರೆ ಹಕ್ಕೆಂದರೆ ಪೆಟ್ಟಿಗೆಯೊಂದನ್ನು ಕೈಗೆ ಪಡೆಯುವುದಷ್ಟೇ ಅಲ್ಲ. ಈ ಎಲುಬು ಯಾವ ಊರಿನದು, ಇದನ್ನು ಪರೀಕ್ಷಿಸಬಹುದೇ, ಎಲ್ಲಿಡಬೇಕು ಎಂಬ ಪ್ರಶ್ನೆಗಳನ್ನು ಕೇಳುವವರೂ ವಂಶಸ್ಥರೇ ಆಗಬೇಕು. ನಾಗಾ ವಿದ್ವಾಂಸರು ಮೊದಲು ಜನರ ಬಳಿಗೆ ಹೋಗಿ ಹಿರಿಯರ ಮಾತನ್ನು ಕೇಳಿದ್ದು ಇದಕ್ಕಾಗಿಯೇ. ಇದರಿಂದ ಜ್ಞಾನಕ್ಕೆ ಹಾನಿಯೆಂಬ ಆಕ್ಷೇಪವು ನಿಲ್ಲುವುದಿಲ್ಲ. ಅಮೆರಿಕದ ಕೆನೆವಿಕ್‌ನಲ್ಲಿ 1996ರಲ್ಲಿ ದೊರೆತ ಸುಮಾರು 8,500 ವರ್ಷಗಳ ಹಿಂದಿನ ಅಸ್ಥಿಗಳಿಗಾಗಿ ವಿಜ್ಞಾನಿಗಳೂ ಬುಡಕಟ್ಟುಗಳೂ ನ್ಯಾಯಾಲಯದಲ್ಲಿ ಸೆಣಸಿದರು. ಕೊನೆಗೆ ಕಾಲ್ವಿಲ್ ಜನರು ತಾವೇ ಕೊಟ್ಟ ಡಿಎನ್ಎ ಮಾದರಿಗಳ ನೆರವಿನಿಂದಲೇ 2015ರಲ್ಲಿ ಸಂಬಂಧವು ತಿಳಿದುಬಂದಿತು. 2017ರಲ್ಲಿ ಬುಡಕಟ್ಟುಗಳು ಒಟ್ಟಾಗಿ ಆ ಪೂರ್ವಿಕನನ್ನು ಮಣ್ಣು ಮಾಡಿದವು.

ನಾಗಾ ಸಭೆಗಳ ಮುಂದಿರುವ ತೊಡಕು ಇನ್ನೂ ಆಳವಾದದ್ದು. ಬುರುಡೆಗಳಲ್ಲಿ ಕೆಲವು ಯುದ್ಧದಲ್ಲಿ ಕಡಿದು ತಂದ ವೈರಿಗಳ ತಲೆಗಳು. ಅವನ್ನು ಕಾಪಾಡಿಟ್ಟುಕೊಂಡಿದ್ದ ಊರು ಒಂದು, ಸತ್ತವನ ಊರು ಇನ್ನೊಂದು. ಅಲ್ಲದೆ ಇಂದು ನಾಗಾಲ್ಯಾಂಡಿನ ಬಹುಪಾಲು ಜನರು ಕ್ರೈಸ್ತರು. ಸುವಾರ್ತೆಯನ್ನು ಕೇಳದೆ ಸತ್ತ ಈ ಪೂರ್ವಿಕರನ್ನು ಸಭಾಪಾಲಕರು ಯಾವ ಪ್ರಾರ್ಥನೆಯಿಂದ ಸಮಾಧಿ ಮಾಡಬೇಕು? ಬಿಟ್ಟುಬಂದ ಕತ್ತಲೆಯನ್ನು ಮತ್ತೆ ಮನೆಗೆ ತರುವುದೇಕೆ ಎಂದು ಕೇಳುವವರಿಗೆ ನಾವು ಯೋಸೇಫನ ವೃತ್ತಾಂತವನ್ನು ನೆನಪಿಸುತ್ತೇವೆ. ಅವನ ಶವವನ್ನು ಸಿದ್ಧಪಡಿಸಿದ್ದು ಐಗುಪ್ತದ ಪದ್ಧತಿಯಂತೆ (ಆದಿಕಾಂಡ 50:26). ಮೋಶೆಯು ಅದನ್ನು ದೋಷವೆಂದೆಣಿಸದೆ ಎಲುಬುಗಳನ್ನು ಹೊತ್ತು ತಂದನು (ವಿಮೋಚನಕಾಂಡ 13:19). ಶೆಕೆಮಿನಲ್ಲಿ ಅವನ ಜನರು ಅವುಗಳನ್ನು ಹೂಳಿದರು.

ಯೋಸೇಫನಾದರೋ ಮೊದಲೇ ಪ್ರಮಾಣ ಮಾಡಿಸಿಕೊಂಡಿದ್ದನು. ಆಕ್ಸ್‌ಫರ್ಡಿನ ಕಪಾಟುಗಳಲ್ಲಿರುವವರಿಗೆ ಆ ಅವಕಾಶವಿರಲಿಲ್ಲ. ಅವರಿಗಾಗಿ ಆರಾಧನಾಕ್ರಮವನ್ನು ರಚಿಸುವ ಹೊಣೆ ನಾಗಾ ಸಭೆಗಳದೇ. ಹೊರಗಿನ ದೈವಶಾಸ್ತ್ರಿಗಳಾದ ನಾವು ಅದನ್ನು ಬರೆದುಕೊಡತಕ್ಕದ್ದಲ್ಲ. ತಲೆ ಕಡಿದವರ ಮೊಮ್ಮಕ್ಕಳೂ ತಲೆ ಕಳೆದುಕೊಂಡವರ ಮೊಮ್ಮಕ್ಕಳೂ ಒಂದೇ ಸಮಾಧಿಯ ಬಳಿ ನಿಲ್ಲುವರೋ ಎಂಬುದನ್ನೂ ಅವರೇ ತೀರ್ಮಾನಿಸಬೇಕು.