ಹಳೇ ಮನೆ ಕೆಡವೋ ಮುನ್ನ ಈ ಲೆಕ್ಕ ನೋಡಿ

ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಒಮ್ಮೆ ಪೇಟೆ ಬೀದಿಯತ್ತ ತಲೆ ಎತ್ತಿ ನೋಡಿ. ಕೆಳಗೆ ಬಣ್ಣದ ಬೋರ್ಡು, ರೋಲಿಂಗ್ ಶಟರ್. ಮೇಲೆ? ಗಾರೆ ಉದುರಿದ ಇಟ್ಟಿಗೆ ಗೋಡೆ, ಮುರಿದ ಮರದ ಕಟಾಂಜನ, ಬಿರುಕಿನಲ್ಲಿ ಬೇರುಬಿಟ್ಟ ಅರಳಿ ಗಿಡ. ಯಾವುದೋ ಕಾಲದ ಸಾಹುಕಾರರು ಕೆಳಗೆ ವ್ಯಾಪಾರ, ಮೇಲೆ ಸಂಸಾರ ಅಂತ ಕಟ್ಟಿಸಿದ ಮನೆ.

"ಇನ್ನೂ ಕೆಡವಿಲ್ವಾ ಇದನ್ನ?" ಅಂತ ಒಬ್ಬರು. "ಇಂಥದ್ದೆಲ್ಲ ಉಳಿಸ್ಬೇಕು ಕಣ್ರೀ" ಅಂತ ಇನ್ನೊಬ್ಬರು. ಬಸ್ಸು ಬಂದ ಕೂಡಲೇ ಇಬ್ಬರೂ ಹತ್ತಿ ಹೋಗುತ್ತಾರೆ. ಮನೆಯ ಯಜಮಾನ ಮಾತ್ರ ಅಲ್ಲೇ ಉಳಿಯುತ್ತಾನೆ. ಅವನ ಪ್ರಶ್ನೆ ಒಂದೇ: "ಉಳಿಸಿ ಅನ್ನೋರು ರಿಪೇರಿಗೆ ದುಡ್ಡು ಕೊಡ್ತಾರಾ ಸ್ವಾಮಿ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಹೊರಟ ಊರು ಒಂದಿದೆ. ನಮ್ಮ ಜವಳಿ ಅಂಗಡಿಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಥಾನುಗಟ್ಟಲೆ ಮಿಲ್ ಬಟ್ಟೆ ಕಳಿಸಿದ ಅಹಮದಾಬಾದ್.

ಸೇಠರ ಮನೆಯ ಒಳಗೆ

1411ರಲ್ಲಿ ಸುಲ್ತಾನ್ ಅಹಮದ್ ಷಾ ಕಟ್ಟಿದ ಊರು ಅದು. ಅಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1861ರಲ್ಲಿ. ಹಳೇ ಊರಿನ ಓಣಿಗಳಿಗೆ 'ಪೋಳ್' ಅಂತ ಹೆಸರು. ಅಲ್ಲಿನ ವರ್ತಕರ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಬೀದಿಗೆ ಜಗುಲಿ, ಅದಕ್ಕೆ ಅವರು 'ಓಟ್ಲಾ' ಅನ್ನುತ್ತಾರೆ. ಒಳಗೆ ನಮ್ಮ ತೊಟ್ಟಿ ಮನೆಯ ಹಾಗೆ ಗಾಳಿ ಬೆಳಕಿಗೆ ತೆರೆದ ಅಂಗಳ. ಅಂಗಳದ ಅಡಿಯಲ್ಲಿ ಸುಣ್ಣದ ಗಾರೆ ಬಳಿದ ತೊಟ್ಟಿ, 'ಟಾಂಕಾ'. ಮಾಡಿನ ಮಳೆನೀರು ಅಲ್ಲಿಗಿಳಿದು ವರ್ಷವಿಡೀ ಕುಡಿಯೋಕೆ ಆಗುತ್ತಿತ್ತು. ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ. ಮನೆಯೊಳಗೆ ನೀರೂ ಇತ್ತು, ತಂಪೂ ಇತ್ತು.

ಇಟ್ಟಿಗೆ ಗೋಡೆಗಳ ನಡುನಡುವೆ ಮರದ ತೊಲೆ, ಮರದ ಪಟ್ಟಿ ಸೇರಿಸಿ ಬಿಗಿದು ಕಟ್ಟುವುದು ಅಲ್ಲಿನ ಪದ್ಧತಿ. ಇದರ ಬೆಲೆ ಲೋಕಕ್ಕೆ ಗೊತ್ತಾದದ್ದು 2001ರ ಜನವರಿ 26ರ ಬೆಳಿಗ್ಗೆ. ಕಚ್ಛ್ ಭೂಕಂಪಕ್ಕೆ ಅಹಮದಾಬಾದೂ ನಡುಗಿತು. ಹೊಸ ಬಡಾವಣೆಗಳಲ್ಲಿ ಹತ್ತಾರು ಕಾಂಕ್ರೀಟ್ ಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಹಳೇ ಪೋಳ್‌ಗಳ ಮನೆಗಳು ಬಹುಪಾಲು ನಿಂತೇ ಇದ್ದವು. ಮರ ಬಾಗುತ್ತದೆ, ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಎಂಜಿನಿಯರರು ಈಗ ಪಾಠ ಹೇಳುವ ಈ ಮಾತು ಅಲ್ಲಿನ ಗಾರೆಯವರಿಗೆ, ಬಡಗಿಗಳಿಗೆ ಅಂದೇ ಗೊತ್ತಿತ್ತು.

ದುಡ್ಡು ಎಲ್ಲಿಂದ?

ಬರೀ ಹೊಗಳಿಕೆಯಿಂದ ಹೆಂಚು ಕೂರುವುದಿಲ್ಲ. ಅಲ್ಲಿನ ಮಹಾನಗರ ಪಾಲಿಕೆ 1996ರಲ್ಲೇ ಪರಂಪರೆಗೆ ಅಂತ ಒಂದು ವಿಭಾಗ ತೆರೆಯಿತು. 1997ರಲ್ಲಿ ಬೆಳಗಿನ ಹೊತ್ತು ಜನರನ್ನು ಓಣಿಗಳಲ್ಲಿ ನಡೆಸಿಕೊಂಡು ಹೋಗಿ ತೋರಿಸುವ ಏರ್ಪಾಟಾಯಿತು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಪಟ್ಟಿಗೆ ಸೇರಿದವು. 2017ರಲ್ಲಿ ಯುನೆಸ್ಕೋ ಆ ಹಳೇ ಊರನ್ನು ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿತು. ಭಾರತದಲ್ಲಿ ಆ ಗೌರವ ಸಿಕ್ಕ ಮೊದಲ ನಗರ ಅದೇ.

ಜವಳಿ ವರ್ತಕ ಸೇಠ್ ಮಂಗಳದಾಸ್ ಗಿರಿಧರದಾಸ್ ಅವರ 1924ರ ಮನೆ ಸಿದಿ ಸಯ್ಯದ್ ಮಸೀದಿಯ ಎದುರಿಗಿದೆ. ಅದನ್ನು ಕೆಡವದೆ ಹೋಟೆಲು ಮಾಡಿದ್ದಾರೆ. ಹಳೆಯದೇ ಅದರ ಬಂಡವಾಳ.

ಎಲ್ಲರೂ ಹೋಟೆಲು ಇಡೋಕಾಗುತ್ತಾ? ಆಗೋದಿಲ್ಲ. ಅಂಥವರಿಗೆ ಅಲ್ಲಿ ಟಿ.ಡಿ.ಆರ್. ಪತ್ರದ ದಾರಿ ಇದೆ. ಪಟ್ಟಿಯಲ್ಲಿರುವ ಮನೆಯ ಮೇಲೆ ಹೊಸ ಮಹಡಿ ಎಬ್ಬಿಸುವ ಹಾಗಿಲ್ಲ. ಆದರೆ ಎಬ್ಬಿಸಬಹುದಾಗಿದ್ದ ಆ ಹಕ್ಕನ್ನೇ ಪತ್ರವಾಗಿ ಪಡೆದು ಬೇರೆ ಕಡೆ ಕಟ್ಟುವ ಬಿಲ್ಡರಿಗೆ ಮಾರಬಹುದು. ಆ ದುಡ್ಡು ಮನೆ ರಿಪೇರಿಗೆ. ಹಾಗಂತ ಅಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ಸಂಸಾರಗಳು ಬಿಟ್ಟುಹೋಗಿ ಎಷ್ಟೋ ಮನೆಗಳು ಗೋದಾಮುಗಳಾಗಿವೆ. ಆದರೂ "ದುಡ್ಡು ಕೊಡ್ತಾರಾ?" ಅನ್ನೋ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಾದರೂ ಇದೆ.

ನಮ್ಮ ಕಡೆ?

ಹಳೆಯದು ಅಂದ ಮಾತ್ರಕ್ಕೆ ಗಟ್ಟಿ ಅಂತ ತಿಳಿಯಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಯಾವ ಸಾಹುಕಾರರ ಮನೆಯೂ ಅಲ್ಲ, ಸಾರ್ವಜನಿಕ ಆಸ್ತಿ. 1892ರ ಆ ಇಟ್ಟಿಗೆ ಗಾರೆಯ ಅಂಗಡಿ ಸಾಲಿನ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ಉಳಿಸುವ ಮಾತಾಡುವವರೂ ಕೆಡವುವ ಮಾತಾಡುವವರೂ ಮೊದಲು ನೆನೆಯಬೇಕಾದದ್ದು ಆ ನಾಲ್ವರನ್ನು.

ಇಟ್ಟಿಗೆ ಮನೆಯ ಶತ್ರು ವಯಸ್ಸಲ್ಲ, ನೀರು. ತಾರಸಿ ಸೋರಿದರೆ ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ. ಅರಳಿ ಗಿಡದ ಬೇರು ಇಟ್ಟಿಗೆಯನ್ನು ಬಿಡಿಸುತ್ತದೆ. ಸುಣ್ಣದ ಗೋಡೆಗೆ ಮೇಲಿನಿಂದ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ತಾರಸಿಯ ನೀರಿನ ದಾರಿ ಬಿಡಿಸಿ, ಗಿಡವನ್ನು ಬೇರುಸಮೇತ ತೆಗೆಸಿ, ಸುಣ್ಣದ ಗಾರೆಯಲ್ಲೇ ತೇಪೆ ಹಾಕಿಸಿ. ಬಿರುಕು ಬೆಳೆಯುತ್ತಿದ್ದರೆ ಜನರನ್ನು ದೂರ ಇಟ್ಟು ಎಂಜಿನಿಯರನ್ನು ಕರೆಸಿ.

ಟಿ.ಡಿ.ಆರ್. ನಮ್ಮ ರಾಜ್ಯಕ್ಕೂ ಹೊಸ ಮಾತಲ್ಲ. ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಅದನ್ನು ಕೊಡುವ ವ್ಯವಸ್ಥೆ ಇದೆ. ಬೀದಿಗೆ ಜಾಗ ಬಿಟ್ಟವನಿಗೆ ಪತ್ರ ಸಿಗುವುದಾದರೆ, ಬೀದಿಯ ಮುಖ ಉಳಿಸಿದವನಿಗೂ ಅಷ್ಟೇ ಸಲೀಸಾಗಿ ಸಿಗಬೇಡವೇ? ಮುಂದಿನ ಸಲ ವೋಟು ಕೇಳೋಕೆ ಅಂಗಡಿ ಮೆಟ್ಟಿಲು ಹತ್ತಿದವರನ್ನು ಇದೊಂದು ಕೇಳಿ ನೋಡಿ.

ಕೆಡವೋಕೆ ಒಂದು ದಿನ ಸಾಕು. ಅಂಥ ಗೋಡೆ ಮತ್ತೆ ಎಬ್ಬಿಸುವ ಗಾರೆಯವರನ್ನು ಎಲ್ಲಿಂದ ತರೋಣ?