ಯಂತ್ರ ನಿಂತರೂ ಆರೈಕೆ ನಿಲ್ಲದು

ಜಾಲ್ಸೂರು ಕವಲುದಾರಿಯ ಊರು. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವುದು ಇಲ್ಲಿಯೇ. ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ಅಡಿಕೆ ಮರದಿಂದ ಬಿದ್ದವರು, ಹೃದಯಾಘಾತಕ್ಕೆ ತುತ್ತಾದವರು ಇಲ್ಲಿಂದ ಸುಳ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನೋ ದೂರದ ಮಂಗಳೂರನ್ನೋ ಸೇರುತ್ತಾರೆ. ಬಳಿಕ ಮನೆಯವರ ಪಾಲಿಗೆ ಉಳಿಯುವುದು ತೀವ್ರ ನಿಗಾ ಘಟಕದ ಮುಚ್ಚಿದ ಬಾಗಿಲು. ಆ ಬಾಗಿಲ ಹೊರಗೆ ನಿಂತವರು ನಮ್ಮನ್ನು ಹಲವು ಬಾರಿ ಕೇಳಿದ್ದಾರೆ: "ಫಾದರ್, ಇನ್ನು ಪ್ರಯೋಜನವಿಲ್ಲ ಎನ್ನುತ್ತಾರೆ ಡಾಕ್ಟರು. ವೆಂಟಿಲೇಟರ್ ತೆಗೆಯಲು ಒಪ್ಪಿದರೆ ನಮಗೆ ಪಾಪ ಬರುವುದೇ?"

ಉತ್ತರಿಸುವ ಮುನ್ನ ಬಾಗಿಲಿನ ಒಳಗೆ ನಡೆಯುವುದೇನೆಂದು ಅರಿಯುವುದು ಲೇಸು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ ಉಸಿರಾಟದ ಸ್ನಾಯುಗಳೇ ಸೋತಾಗ, ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಕುಳಿತು ರಬ್ಬರ್ ಚೀಲ ಹಿಸುಕಿ ರೋಗಿಗಳಿಗೆ ಉಸಿರು ನೀಡಿದರು. ಆ ಅನುಭವದ ಫಲವಾಗಿ 1953ರಲ್ಲಿ ವೈದ್ಯ ಬ್ಯೋರ್ನ್ ಇಬ್ಸೆನ್ ತೀವ್ರ ನಿಗಾ ಘಟಕವನ್ನು ಆರಂಭಿಸಿದರು. ಯಂತ್ರಕ್ಕಿಂತ ಮೊದಲು ಅಲ್ಲಿದ್ದುದು ಮನುಷ್ಯನ ಕೈ. ಇಂದಿಗೂ ಗಂಟಲಿನ ಕಫ ತೆಗೆಯುವುದು, ಬಾಯಿ ಶುಚಿಗೊಳಿಸುವುದು, ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ರಕ್ತದೊತ್ತಡದ ಸಣ್ಣ ಏರಿಳಿತವನ್ನೂ ಗಮನಿಸಿ ವೈದ್ಯರನ್ನು ಕರೆಯುವುದು ದಾದಿಯರೇ. ಪ್ರಜ್ಞೆಯಿಲ್ಲದ ರೋಗಿಯನ್ನೂ ಹೆಸರು ಹಿಡಿದು ಕರೆದು, "ಈಗ ಮಗ್ಗುಲು ತಿರುಗಿಸುತ್ತೇವೆ" ಎಂದು ಹೇಳಿಯೇ ಮುಟ್ಟುವ ದಾದಿಯರನ್ನು ನಾವು ಕಂಡಿದ್ದೇವೆ.

ಈ ಸೇವೆಯ ಆಳವನ್ನು ನಮ್ಮ ಕರಾವಳಿಯ ಮಗಳೊಬ್ಬಳ ಬದುಕು ತೋರಿಸಿತು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲಿಯೇ ಕ್ರೂರ ಹಲ್ಲೆಗೊಳಗಾಗಿ ಮಿದುಳಿಗೆ ಹಾನಿಯಾಯಿತು. ಅಂದಿನಿಂದ ಸುಮಾರು 42 ವರ್ಷ ಅಲ್ಲಿನ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಗೆ ಉಣಿಸಿದರು, ಮೀಯಿಸಿದರು. ಒಂದು ಹಾಸಿಗೆಹುಣ್ಣೂ ಆಗಗೊಡಲಿಲ್ಲವೆಂದು ಆಸ್ಪತ್ರೆ ನ್ಯಾಯಾಲಯಕ್ಕೆ ತಿಳಿಸಿತ್ತು. ಆಕೆಗೆ ಉಣಿಸುವುದನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ದಾದಿಯರು ವಿರೋಧಿಸಿದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಹಾಗಾದರೆ ಯಂತ್ರವನ್ನು ಎಂದಿಗೂ ತೆಗೆಯಬಾರದೇ? ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸಿದ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು, ಜೀವರಕ್ಷಣೆಗೆ ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯವೆಂದೂ, ಅಸಾಮಾನ್ಯ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲವೆಂದೂ ತಿಳಿಸಿದರು. ಕುಟುಂಬದ ಮೇಲೆ ಬೀಳುವ ಅತಿಯಾದ ಖರ್ಚನ್ನೂ ಪರಿಗಣಿಸಬಹುದೆಂದು ವ್ಯಾಟಿಕನ್ನಿನ 1980ರ ಘೋಷಣೆ ಒಪ್ಪಿತು. ಕೊಲ್ಲುವ ಉದ್ದೇಶದಿಂದ ಮದ್ದು ಚುಚ್ಚುವುದು ಒಂದು ಕ್ರಿಯೆ; ಫಲ ನೀಡದ ಚಿಕಿತ್ಸೆಯನ್ನು ನಿಲ್ಲಿಸಿ ಮರಣವನ್ನು ಅದರ ವೇಳೆಗೆ ಬರಗೊಡುವುದು ಬೇರೊಂದು. ಹೊರನೋಟಕ್ಕೆ ಎರಡರ ಅಂತ್ಯ ಒಂದೇ ಆದರೂ ಉದ್ದೇಶ ಒಂದಲ್ಲ. ಸುಪ್ರೀಂ ಕೋರ್ಟಿನ 2018ರ ತೀರ್ಪು ಕೂಡ ವೈದ್ಯ ಮಂಡಳಿಗಳ ಒಪ್ಪಿಗೆಯೊಡನೆ ಅಂತಹ ಚಿಕಿತ್ಸೆಯನ್ನು ನಿಲ್ಲಿಸಲು ಅವಕಾಶ ನೀಡಿದೆ.

ಆದರೆ ಯಂತ್ರ ನಿಂತಾಗ ಆರೈಕೆ ನಿಲ್ಲಬಾರದು. ಸದಯ ಸಮಾರಿತನ ಹೆಸರಿನಲ್ಲಿ 2020ರಲ್ಲಿ ಪ್ರಕಟವಾದ ವ್ಯಾಟಿಕನ್ ಪತ್ರದ ತಿರುಳು ಇದೇ: ರೋಗ ಗುಣವಾಗದಿರಬಹುದು, ರೋಗಿಯ ಆರೈಕೆ ಮುಗಿಯುವುದಿಲ್ಲ. ನೋವಿಗೆ ಮದ್ದು, ದೇಹ ಸ್ವೀಕರಿಸುವವರೆಗೆ ಅನ್ನ-ನೀರು, ಶುಚಿತ್ವ, ಪಕ್ಕದಲ್ಲೊಬ್ಬರು — ಇವು ಕೊನೆಯ ಉಸಿರಿನವರೆಗೂ ಸಲ್ಲಬೇಕಾದ ಋಣ.

ಆದುದರಿಂದ ಕ್ರೈಸ್ತ ಬಾಂಧವರೇ, ಅಂತಹ ಘಳಿಗೆ ಬಂದರೆ ಚಿಕಿತ್ಸೆಯಿಂದ ಚೇತರಿಕೆಯ ಆಸೆಯಿದೆಯೇ, ನಿಲ್ಲಿಸಿದರೆ ನೋವಾಗದಂತೆ ಏನು ಮಾಡುವಿರಿ ಎಂದು ವೈದ್ಯರಲ್ಲಿ ಬಿಚ್ಚಿ ಕೇಳಿರಿ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಧರ್ಮಗುರುವನ್ನು ಕೊನೆಯ ಗಳಿಗೆಗೆ ಕಾಯದೆ ಕರೆಯಿರಿ. ಒಳಗೆ ಬಿಟ್ಟಾಗ ನಿಮ್ಮವರ ಕೈ ಹಿಡಿದು ಮಾತನಾಡಿರಿ. ಹೊರಡುವಾಗ ರಾತ್ರಿಯಿಡೀ ಎಚ್ಚರವಿದ್ದ ದಾದಿಗೆ ಒಂದು ಕೃತಜ್ಞತೆಯ ಮಾತು ಹೇಳಿರಿ. ನೀವು ಹೊರಗೆ ಜಪಸರ ಹಿಡಿದು ಕುಳಿತಿದ್ದಾಗ ನಿಮ್ಮ ಪರವಾಗಿ ಆ ಹಾಸಿಗೆಯ ಬಳಿ ನಿಂತಿದ್ದವಳು ಅವಳೇ.