ಮರಳುದಿಬ್ಬಗಳಲ್ಲಿ ಬೈಸಿಕಲ್ ಪಡೆ

ಬೈಸಿಕಲ್ಲಿಗೆ ಹುಲ್ಲು ಬೇಡ, ಹುರುಳಿ ಬೇಡ, ನೀರು ಬೇಡ. ರಾತ್ರಿ ಲಾಯದಲ್ಲಿ ಕಟ್ಟುವ ಗೊಡವೆಯೂ ಇಲ್ಲ. ಹೀಗಿರುವಾಗ ಸೈನ್ಯಕ್ಕೆ ಕುದುರೆಯೇ ಏಕೆ ಬೇಕು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ತರುಣ ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬಾತನನ್ನು ಕಾಡಿದ ವಿಚಾರ ಇದು. ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ 1894ರಲ್ಲಿ ತೇರ್ಗಡೆಯಾದವರ ಪಟ್ಟಿಯಲ್ಲಿ ಈತನ ಹೆಸರು ಕಟ್ಟಕಡೆಯದು. ಕಡೆಯ ಬೆಂಚಿನವರ ತಲೆಯಲ್ಲಿ ಏನೇನು ಹೊಳೆಯುವುದೆಂಬುದನ್ನು ಅಧ್ಯಾಪಕನಾದ ನಾನು ಬಲ್ಲೆ; ಆದುದರಿಂದ ಆತನ ಮೇಲೆ ನನಗೆ ಕೊಂಚ ಮಮತೆಯೂ ಉಂಟು.

ಮಾಸ್ ಇದ್ದುದು ಮೊಂಟಾನಾ ಪ್ರಾಂತದ ಮಿಸ್ಸೌಲಾ ಕೋಟೆಯಲ್ಲಿದ್ದ 25ನೆಯ ಪದಾತಿ ರೆಜಿಮೆಂಟಿನಲ್ಲಿ. ಅದರ ಸಿಪಾಯಿಗಳೆಲ್ಲರೂ ಕಪ್ಪು ಜನಾಂಗದವರು, ಅಧಿಕಾರಿಗಳು ಬಿಳಿಯರು. 1896ರಲ್ಲಿ ಎಂಟು ಮಂದಿ ಸಿಪಾಯಿಗಳೊಡನೆ ಯೆಲ್ಲೋಸ್ಟೋನಿನವರೆಗೆ ಹೋಗಿಬಂದ ಮಾಸನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಮರುವರ್ಷ ಜೂನ್ 14ರಂದು ಇಪ್ಪತ್ತು ಮಂದಿ ಸಿಪಾಯಿಗಳು, ಕೆನಡಿ ಎಂಬ ವೈದ್ಯ ಹಾಗೂ ಹತ್ತೊಂಬತ್ತರ ಹರೆಯದ ಒಬ್ಬ ಪತ್ರಿಕಾ ವರದಿಗಾರನನ್ನು ಕೂಡಿಕೊಂಡು ಆತ ಸೇಂಟ್ ಲೂಯಿಸ್ ನಗರದತ್ತ ಹೊರಟ. ದೂರ ಸುಮಾರು 1,900 ಮೈಲಿ.

ಬೈಸಿಕಲ್ಲಿನ ತೂಕ 32 ಪೌಂಡು. ಹೊದಿಕೆ, ಗುಡಾರದ ಬಟ್ಟೆ, ಎರಡು ದಿನದ ಬುತ್ತಿ ಎಲ್ಲವನ್ನೂ ಹೇರಿದ ಮೇಲೆ ಸುಮಾರು 59 ಪೌಂಡು. ಇದು ಸಾಲದೆಂಬಂತೆ ಹತ್ತು ಪೌಂಡಿನ ಬಂದೂಕು, ಸೊಂಟದಲ್ಲಿ ಐವತ್ತು ತೋಟೆಗಳು! ಮೊದಲ ದಿನಗಳಲ್ಲಿಯೇ ಮಳೆ ಹಿಡಿಯಿತು. ಮೊಂಟಾನಾದ ಜಿಗುಟು ಮಣ್ಣು ಚಕ್ರಕ್ಕೆ ಮೆತ್ತಿಕೊಂಡಿತೆಂದರೆ ನಾಲ್ಕು ಮಾರಿಗೊಮ್ಮೆ ಇಳಿದು ಕೆರೆದು ತೆಗೆಯಬೇಕು. ಧಾರವಾಡದ ಕಡೆಯ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಸೈಕಲ್ ತಳ್ಳಿದವರಿಗೆ ಇದನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ರಾಕಿ ಪರ್ವತದ ನೆತ್ತಿಯನ್ನು ದಾಟುವಾಗ ಜೂನ್ ತಿಂಗಳಾದರೂ ಹಿಮ ಬಿದ್ದಿತ್ತು. ಆದರೂ ಅವೆಲ್ಲ ಮುಂಬರಲಿದ್ದ ಸಂಕಟದ ಮುನ್ನುಡಿ ಮಾತ್ರ.

ಜುಲೈ ಮೊದಲ ವಾರದಲ್ಲಿ ಪಡೆಯು ನೆಬ್ರಾಸ್ಕಾದ ಮರಳುದಿಬ್ಬಗಳನ್ನು ಹೊಕ್ಕಿತು. ಅಲ್ಲಿಯ ಒಂದು ಹಗಲನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ನೆರಳಿನಲ್ಲಿಯೇ ನೂರು ಡಿಗ್ರಿ ಫಾರೆನ್‌ಹೀಟನ್ನು ಮೀರಿದ ಬಿಸಿಲು; ಆ ನೆರಳಾದರೂ ಎಲ್ಲಿ? ಕಣ್ಣು ಹಾಯ್ದಷ್ಟು ದೂರ ದಿಬ್ಬದ ಹಿಂದೆ ದಿಬ್ಬ. ದಾರಿಯ ಮರಳಿನಲ್ಲಿ ಚಕ್ರ ಹೂತುಹೋಗುವುದರಿಂದ ಸವಾರಿ ಸಾಧ್ಯವೇ ಇಲ್ಲ. ಉಳಿದ ಮಾರ್ಗವೆಂದರೆ ರೈಲುಕಂಬಿ. ಸ್ಲೀಪರಿನಿಂದ ಸ್ಲೀಪರಿಗೆ ಬೈಸಿಕಲ್ಲು ಕುಪ್ಪಳಿಸುತ್ತದೆ. ಸವಾರನ ಬೆನ್ನುಹುರಿಯ ಮಣಿಮಣಿಯೂ ಅಲುಗುತ್ತದೆ. ಇಳಿದು ನಡೆದರೆ ಕಾದ ಮರಳಿನಲ್ಲಿ ಅಂಗಾಲು ಬೊಬ್ಬೆ ಏಳುತ್ತದೆ.

ಎಲ್ಲಕ್ಕೂ ಮಿಗಿಲಾದುದು ಬಾಯಾರಿಕೆ. ಆ ಸೀಮೆಯಲ್ಲಿ ನೀರು ಇಲ್ಲವೆಂದಲ್ಲ, ಇದೆ. ಆದರೆ ಅದು ಚೌಳುನೀರು. ಕುಡಿದವನಿಗೆ ಹೊಟ್ಟೆ ಹಿಂಡುತ್ತದೆ, ಕೈಕಾಲು ಸೋಲುತ್ತದೆ. ಕುಡಿಯದಿದ್ದವನು ಬಿಸಿಲಿಗೆ ಬೀಳುತ್ತಾನೆ. ಕುಡಿಯಬೇಡಿರೆಂದು ಗದರಿಸುವುದು ವೈದ್ಯನಿಗೆ ಸುಲಭ; ಹತ್ತಾರು ಮೈಲಿ ಬೈಸಿಕಲ್ ನೂಕಿದ ಸಿಪಾಯಿಯ ನಾಲಗೆಗೆ ಆ ಮಾತು ತಿಳಿಯಬೇಕಲ್ಲ! ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು. ಕೊನೆಗೆ ಮಾಸನೇ ಮಲಗಿದ. ಆತನನ್ನು ಹಿಂದೆ ಬಿಟ್ಟು, ವೈದ್ಯ ಕೆನಡಿಯು ಪಡೆಯ ಮುಂದಾಳಾಗಿ ನಡೆಯಬೇಕಾಯಿತು. ನೀರು ಬೇಡದ ವಾಹನವನ್ನು ಆರಿಸಿದವನನ್ನು ನೀರೇ ಕೆಡವಿದುದನ್ನು ವಿಧಿಯ ಕುಚೇಷ್ಟೆಯೆನ್ನದೆ ಮತ್ತೇನೆನ್ನಬೇಕು?

ಇಲ್ಲಿ ಹಿಂದಿರುಗಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಬಿಳಿಯ ಸಿಪಾಯಿಯೊಬ್ಬ ಸೋತರೆ ಒಬ್ಬನು ಸೋತಂತೆ. ಈ ಇಪ್ಪತ್ತು ಮಂದಿ ಸೋತಿದ್ದರೆ ಅದನ್ನು ಒಂದು ಜನಾಂಗದ ಲೆಕ್ಕಕ್ಕೆ ಬರೆದುಕೊಳ್ಳಲು ಕಾದಿದ್ದವರು ಬಹಳ. ಅವರಲ್ಲಿ ಹಿರಿಯನಾದ ಸಾರ್ಜೆಂಟ್ ಮಿಂಗೋ ಸ್ಯಾಂಡರ್ಸನಿಗೆ ನಲವತ್ತು ಸಮೀಪಿಸಿತ್ತು. ಒಂದು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆತನೂ ತಳ್ಳಿದ. ಸುಮಾರು 170 ಮೈಲಿಗಳ ಆ ಮರಳು ಮುಗಿಯುವ ಹೊತ್ತಿಗೆ ನಾಲ್ಕು ದಿನಗಳು ಮೀರಿದ್ದವು.

ಮಾಸ್ ಚೇತರಿಸಿಕೊಂಡು ಬಂದು ಸೇರಿದ. ಜುಲೈ 24ರಂದು ಪಡೆಯು ಸೇಂಟ್ ಲೂಯಿಸನ್ನು ಮುಟ್ಟಿತು. ನಗರದ ಬೈಸಿಕಲ್ ಸವಾರರು ಎದುರುಗೊಂಡರು. ಜನ ನೆರೆದು ಜಯಕಾರ ಮಾಡಿದರು. ಅಲ್ಲಿಂದ ಇನ್ನೂ ಮುಂದೆ ಹೋಗುವೆನೆಂದು ಮಾಸ್ ಬಿನ್ನವಿಸಿಕೊಂಡರೂ ಮೇಲಿನವರು ಒಪ್ಪಲಿಲ್ಲ. ಸಿಪಾಯಿಗಳು ರೈಲು ಹತ್ತಿ ಮಿಸ್ಸೌಲಾಕ್ಕೆ ಮರಳಿದರು. ಮರುವರ್ಷ ಸ್ಪೇನಿನೊಡನೆ ಯುದ್ಧ ಬಂದಿತು. ರೆಜಿಮೆಂಟು ಕ್ಯೂಬಾಕ್ಕೆ ನಡೆಯಿತು. ಬೈಸಿಕಲ್ಲಿನ ಮಾತು ಅಲ್ಲಿಗೆ ನಿಂತಿತು.

ಸ್ಯಾಂಡರ್ಸನ ಕತೆ ಮಾತ್ರ ಇನ್ನೂ ಸ್ವಲ್ಪ ಉಳಿದಿದೆ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಿನಲ್ಲಿ ರಾತ್ರಿ ಗುಂಡು ಹಾರಿತು. ಅಪರಾಧ ರುಜುವಾತಾಗದಿದ್ದರೂ ಅಧ್ಯಕ್ಷ ರೂಸ್‌ವೆಲ್ಟನು ಅದೇ ರೆಜಿಮೆಂಟಿನ 167 ಮಂದಿಯನ್ನು ಸೈನ್ಯದಿಂದ ಹೊರಹಾಕಿದ. ಇಪ್ಪತ್ತೈದು ವರ್ಷ ದುಡಿದು ಪಿಂಚಣಿಯ ಹೊಸ್ತಿಲಲ್ಲಿದ್ದ ಸ್ಯಾಂಡರ್ಸನೂ ಅವರಲ್ಲೊಬ್ಬ. ಆತ ತೀರಿಕೊಂಡುದು 1929ರಲ್ಲಿ. ಸೈನ್ಯವು ಆ ಆಜ್ಞೆಯನ್ನು ತಿದ್ದಿ ಅವರ ಮಾನವನ್ನು ಹಿಂದಿರುಗಿಸಿದುದು 1972ರಲ್ಲಿ.